ಬೀಜಕ್ಕೆ ಹಿಂದಿನದು ನೆನಪಿರುವುದಿಲ್ಲ

ಇವತ್ತು ಮೊಮ್ಮಗಳಿಗೆ ಗುಣೋತ್ತರ ವಿತರಣೆ ಹೇಳಿಕೊಡುತ್ತಿದ್ದೆ. ಮೊದಲ ಗೆಲುವು ಎಷ್ಟನೇ ಪ್ರಯತ್ನಕ್ಕೆ ಬಂದೀತು ಎಂಬ ಲೆಕ್ಕವದು. ಹೇಳುತ್ತಲೇ ನಾನು ಚಿಕ್ಕವಳಿದ್ದಾಗಿನ ಹೊಳಗುಂದದ ನಮ್ಮ ಮನೆಯ ಪಡಸಾಲೆ ನೆನಪಾಯಿತು.

ಸೋದರತ್ತೆ ಬಸುರಿಯಾಗಿ ತವರಿಗೆ ಬಂದಿದ್ದಳು. ಹಿಂದಿನ ಬಸಿರುಗಳು ನಿಂತಿರಲಿಲ್ಲ. ಮಧ್ಯಾಹ್ನ ಹುಣಸೆ ಬೀಜಗಳ ಒಂದು ಬದಿಯನ್ನು ಬೆಳ್ಳಗೆ ತೇಯ್ದು ನನ್ನೊಂದಿಗೆ ಚೌಕಾಬಾರ ಆಡುತ್ತಿದ್ದಳು. ಎಲ್ಲ ಬೀಜ ಬೆಳ್ಳಗೆ ಬಿದ್ದರಷ್ಟೇ ಕಾಯಿ ಆಟಕ್ಕಿಳಿಯುತ್ತಿತ್ತು. ನನಗೆ ಬೀಳುತ್ತಲೇ ಇರಲಿಲ್ಲ.

“ಇಷ್ಟು ಸಲ ಬಿದ್ದಿಲ್ಲ, ಈಗ ಬಿದ್ದೇ ಬೀಳತೈತಿ,” ಎಂದೆ.

“ಬೀಜಕ್ಕ ಹಿಂದಿಂದು ನೆನಪಿರಂಗಿಲ್ಲವ್ವ. ಪ್ರತಿ ಸಲ ಹೊಸಾದೇ,” ಎಂದಳು ಅತ್ತೆ.

ಪಕ್ಕದ ಮನೆಯಾಕೆ, “ಈ ಸಲಾನೂ ಹಂಗ ಆದರ?” ಎಂದು ಕೇಳಿದಳು.

ಅತ್ತೆ ಹೊಟ್ಟೆಯ ಮೇಲೆ ಕೈಯಿಟ್ಟು, “ಇದಕ್ಕೂ ಹಿಂದಿಂದು ಗೊತ್ತಿಲ್ಲ ಬಿಡ್ರಿ,” ಎಂದಳು.

ಜೋಳದ ಸುಗ್ಗಿಯಲ್ಲಿ ಮಗಳು ಹುಟ್ಟಿದಳು. ಕೂಸಿನ ಅಳು ಕೇಳಿ ಅತ್ತೆ ಬಿಕ್ಕಿ ಬಿಕ್ಕಿ ಅತ್ತಳು. ಅಲ್ಲಿಯವರೆಗೂ ಅವಳು ಹೆದರಿಯೇ ಇದ್ದಳೆಂದು ನನಗೆ ತಿಳಿದದ್ದು ಆಗ.

ಆ ಕೂಸು ಈಗ ಆದೋನಿಯಲ್ಲಿ ಅಜ್ಜಿ.