ಮೂರನೆಯ ನುಡಿಯ ಗಾಳಿ

ಪೇಟಿಯ ಮೇಲಿನ ಹಲಗೆಯನ್ನು ಎತ್ತಿದೊಡನೆ ಬಜೆಯ ವಾಸನೆ ಬಂತು. ತೀರ ಕ್ಷೀಣವಾಗಿತ್ತು, ಆದರೂ ಅದೇ. ಪಂಚಮವನ್ನು ಒತ್ತಿದಾಗಲೆಲ್ಲ ಒಳಗಿನಿಂದ ಸಣ್ಣದೊಂದು ಗಿರಗಿರ ಸದ್ದು ಹೊರಡುತ್ತಿತ್ತು. ಬರಿಯ ಕಿವಿಗೆ ಕೇಳದ ಆ ಸದ್ದು ಫೋನಿನ ಮುದ್ರಣದಲ್ಲಿ ಸ್ಪಷ್ಟವಾಗಿ ಬರುತ್ತಿದ್ದುದರಿಂದ ಅದರ ಮೂಲ ಹುಡುಕಲೆಂದು ತಿರುಪುಗಳನ್ನು ಬಿಚ್ಚಿದ್ದೆ. ಮೂಲೆಯಲ್ಲಿ ಹಳದಿ ಬಟ್ಟೆಯ ಪುಟ್ಟ ಗಂಟೊಂದು ಕಂಡಿತು. ಹುಳ ಹತ್ತಬಾರದೆಂದು ಬಜೆಯ ಬೇರನ್ನು ಕಟ್ಟಿ ಒಳಗಿಡುವುದು ನಮ್ಮ ಭಜನಾ ಮಂಡಳಿಯ ಮಾಸ್ತರರ ಪದ್ಧತಿ. ಈ ಹಾರ್ಮೋನಿಯಂ ಕೊಂಡ ದಿನ ಅದನ್ನು ಅವರೇ ಇಟ್ಟಿದ್ದರು. ಆಮೇಲೆ ಅದನ್ನು ಯಾರೂ ಮುಟ್ಟಿಲ್ಲ... ನಾನೂ ಮುಟ್ಟಿಲ್ಲ.

ನಿವೃತ್ತನಾದ ಮೇಲೆ ಕಾರವಾರದ ಮನೆಯ ಹಿಂದಿನ ಕೋಣೆಯೇ ನನ್ನ ಧ್ವನಿಮುದ್ರಣದ ಶಾಲೆ. ಆ ಬೆಳಿಗ್ಗೆ ಕಿಟಕಿಗೆ ಎರಡು ಕೌದಿ ಕಟ್ಟಿ, ಫ್ಯಾನು ನಿಲ್ಲಿಸಿ, ಒಂಬತ್ತು ಸಲ ಮುದ್ರಿಸಿದ್ದೆ. ಫೋನನ್ನು ಅಕ್ಕಿಯ ಡಬ್ಬದ ಮೇಲಿಟ್ಟಾಗ ಸ್ವರ ಗುಂಯ್ಗುಡುತ್ತಿತ್ತು. ಬಟ್ಟೆಯ ಕಪಾಟಿನೊಳಗೆ ಸೀರೆಗಳ ನಡುವೆ ಇಟ್ಟಾಗ ಹದಕ್ಕೆ ಬಂತು. ಎರಡನೆಯ ಮುದ್ರಣದಲ್ಲಿ ಮೀನು ಮಾರುವವಳ ಕೂಗು ಸೇರಿತ್ತು, ಐದನೆಯದರಲ್ಲಿ ಹೆದ್ದಾರಿಯ ಲಾರಿ, ಏಳನೆಯದರಲ್ಲಿ ನನ್ನದೇ ಕೆಮ್ಮು. ಒಂಬತ್ತನೆಯದರಲ್ಲಿ ಹೊರಗಿನ ಸದ್ದು ಯಾವುದೂ ಇರಲಿಲ್ಲ, ಪೇಟಿಯ ಗಿರಗಿರವೊಂದೇ ಉಳಿದಿತ್ತು. ಅಷ್ಟರಲ್ಲಿ ಬಾಗಿಲಿಗೆ ಬಂದ ನನ್ನ ಹೆಂಡತಿ, "ಬೆಳಿಗ್ಗೆಯಿಂದ ಎರಡೇ ನುಡಿ ಕೇಳ್ತಾ ಇದ್ದೆ. ಮೂರನೇದು ಎಲ್ಲಿ?" ಎಂದಳು.

ಪ್ರಶ್ನೆ ನ್ಯಾಯವಾದದ್ದೇ. ನಾನು ಮುದ್ರಿಸುತ್ತಿದ್ದುದು ಅಂಕೋಲೆಯಲ್ಲಿದ್ದಾಗ ನಮ್ಮ ಭಜನಾ ಮಂಡಳಿ ಸಪ್ತಾಹದ ಕೊನೆಯಲ್ಲಿ ಹಾಡುತ್ತಿದ್ದ ಮಂಗಳ. ಅದರ ಧಾಟಿ ಮಾಸ್ತರರದೇ, ಬೇರೆಲ್ಲೂ ಇಲ್ಲ. ಮೂರು ನುಡಿಗಳಲ್ಲಿ ಎರಡರ ಸ್ವರ ಮಾತ್ರ ನನಗೆ ಗೊತ್ತು. ಮೂರನೆಯದನ್ನು ಕೇಳಿದ್ದೆನೇ ಹೊರತು ನುಡಿಸಿ ಕಲಿತಿರಲಿಲ್ಲ, ಈಗ ಅದು ಕಿವಿಯಿಂದಲೂ ಅಳಿಸಿಹೋಗಿದೆ. ಮಂಡಳಿ ಮುಗಿದು ಎಷ್ಟೋ ಕಾಲವಾಯಿತು. ನನ್ನ ಉಸಿರೂ ಈಗ ಮೊದಲಿನಂತಿಲ್ಲ. ಇಡಿಯಾಗಿ ಒಮ್ಮೆ ಮುದ್ರಿಸದೆ ಹೋದರೆ ಆ ಧಾಟಿ ನಮ್ಮೊಂದಿಗೇ ಹೋಗುತ್ತದೆ.

ಮಾಸ್ತರರು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಗಂಟಲಿನವರೆಗೆ ಗುಂಡಿ ಹಾಕಿದ ಬಿಳಿ ಅಂಗಿ, ಮಾತು ಕಡಿಮೆ. ಮೊದಲೆರಡು ನುಡಿಗಳನ್ನು ಅವರು ಎಲ್ಲರಂತೆ ಒಂದು ಕೈಯಲ್ಲಿ ಗಾಳಿ ಹಾಕಿ ಇನ್ನೊಂದರಲ್ಲಿ ನುಡಿಸುತ್ತಿದ್ದರು. ಮೂರನೆಯ ನುಡಿಗೆ ಮಾತ್ರ ಅವರ ಎರಡೂ ಕೈಗಳು ಮನೆಗಳ, ಅಂದರೆ ಸ್ವರದ ಪಟ್ಟಿಗಳ, ಮೇಲೆ ಬರುತ್ತಿದ್ದವು. ಆಗ ಪೇಟಿಯ ಹಿಂಬದಿಗೆ ಇನ್ನೊಬ್ಬ ಕುಳಿತು ತಿದಿ ಒತ್ತಬೇಕು. ಆ ಇನ್ನೊಬ್ಬ ನಾನು. ಹನ್ನೊಂದು ವರ್ಷ ಗಾಳಿ ಹಾಕಿದೆ. ಹಿಂದೆ ಕುಳಿತವನಿಗೆ ತಿದಿಯೊಂದೇ ಕಾಣುತ್ತದೆ. ಮುಂದಿನ ಬೆರಳುಗಳು ಹಲಗೆಯ ಆಚೆಗೆ...

ಹನ್ನೆರಡನೆಯ ವರ್ಷ, ಮಂಗಳವನ್ನು ಈ ಸಲ ನೀನೇ ನುಡಿಸು ಎಂದು ಅವರೇ ಹೇಳಿದ್ದರು. ಮಧ್ಯಾಹ್ನ ದೇವಸ್ಥಾನದ ಚಂದ್ರಶಾಲೆಯಲ್ಲಿ ಊರಿನವರೆಲ್ಲ ಕುಳಿತಿದ್ದರು. ಎರಡು ನುಡಿ ನಾನು ನುಡಿಸಿದೆ. ಮೂರನೆಯದಕ್ಕೆ ಕೇಳಿದ್ದ ಅಂದಾಜಿನ ಮೇಲೆ ಬೆರಳಿಟ್ಟಾಗ ಮಾಸ್ತರರು ನನ್ನ ಮಣಿಕಟ್ಟನ್ನು ಎರಡು ಬೆರಳಿನಿಂದ ಹಿಡಿದು, ಎಲೆಯ ಮೇಲಿನ ಇರುವೆಯನ್ನು ತೆಗೆಯುವಂತೆ ಎತ್ತಿ ಪಕ್ಕಕ್ಕಿಟ್ಟರು.

"ನೀ ಗಾಳಿ ಹಾಕು. ಅದು ನಿನ್ನ ಕೆಲ್ಸ."

ಕೆಲವರು ನಕ್ಕರು. ಯಾರು ಯಾರು ಎಂಬುದು ಇಂದಿಗೂ ನನಗೆ ನೆನಪಿದೆ. ನಾನು ಹಿಂಬದಿಗೆ ಸರಿದು ಗಾಳಿ ಹಾಕಿದೆ, ಅವರು ನುಡಿಸಿದರು, ಮಂಗಳ ಮುಗಿಯಿತು, ಪ್ರಸಾದ ತೆಗೆದುಕೊಳ್ಳದೆ ಎದ್ದುಬಂದೆ. ಅದೇ ವರ್ಷ ಕಾರವಾರಕ್ಕೆ ವರ್ಗ ಮಾಡಿಸಿಕೊಂಡೆ. ಅಲ್ಲಿಯವರೆಗೂ ಅವರು ಎದುರಾದರೆ ರಸ್ತೆ ದಾಟುತ್ತಿದ್ದೆ.

ವರ್ಷಗಳ ಮೇಲೆ ಒಮ್ಮೆ ಅವರು ಬಸ್ಸು ಹಿಡಿದು ನಮ್ಮ ಮನೆಗೆ ಬಂದರು. ನಾನು ಒಳಕೋಣೆಯ ಬಾಗಿಲ ಮರೆಗೆ ಸರಿದು, ಇಲ್ಲವೆಂದು ಹೇಳು ಎಂದು ಹೆಂಡತಿಗೆ ಹೇಳಿದೆ. ಅವಳು ಹಾಗೆಯೇ ಹೇಳಿದಳು. ನನ್ನ ಚಪ್ಪಲಿ ಮೆಟ್ಟಿಲ ಮೇಲೆಯೇ ಇತ್ತು, ಅವರು ನೋಡದಿರಲು ಸಾಧ್ಯವಿರಲಿಲ್ಲ. ಒಂದು ಲೋಟ ಪಾನಕ ಕುಡಿದು, ಮುಕ್ಕಾಲು ಗಂಟೆ ಜಗಲಿಯಲ್ಲಿ ಕುಳಿತಿದ್ದು ಎದ್ದುಹೋದರು. ಆ ಮಳೆಗಾಲದಲ್ಲಿಯೇ ತೀರಿಕೊಂಡರು. ನಾನು ಹೋಗಲಿಲ್ಲ.

ಹಲಗೆಯನ್ನು ಮತ್ತೆ ಬಿಗಿದು, ಪೇಟಿಯನ್ನು ಚೀಲಕ್ಕೆ ಹಾಕಿಕೊಂಡು ಅಂಕೋಲೆಯ ಬಸ್ಸು ಹತ್ತಿದೆ. ಮೂರನೆಯ ನುಡಿಯ ಸ್ವರ ಗೊತ್ತಿರಬಹುದಾದವರು ಇಬ್ಬರೇ ಉಳಿದಿದ್ದಾರೆ, ತಬಲಾ ಬಾರಿಸುತ್ತಿದ್ದ ಗೆಳೆಯ ಮತ್ತು ಹಟ್ಟಿಕೇರಿಯ ಹಾಡುಗಾರ ಗೆಳೆಯ. ತಬಲಾದವ ಅಂಕೋಲೆಯ ಪೇಟೆಯಲ್ಲಿಯೇ ಇದ್ದಾನೆ. ಚೀಲ ನೋಡಿದವನೇ, "ಬಂದ್ಯಾ? ಚಹಾಕ್ಕೋ, ಜಗಳಕ್ಕೋ?" ಎಂದ.

ಆ ದಿನ ನಕ್ಕವರಲ್ಲಿ ನೀನೂ ಇದ್ದೆ ಎಂದು ನೆನಪಿಸಿದೆ.

"ನಕ್ಕಿದ್ದೆ ಮಾರಾಯಾ. ನೀ ಬಂದಾಗೆಲ್ಲ ಒಪ್ಕಂತೆ. ಇನ್ನು ಸ್ಟಾಂಪ್ ಪೇಪರ್ ಮೇಲೆ ಬರ್ದು ಕೊಡ್ಲೇನಾ?"

ಬಂದ ಕಾರಣ ಹೇಳಿದಾಗ ಅವನ ನಗೆ ನಿಂತಿತು. "ಮೂರನೇದ್ರ ತಾಳ ಕೇಳು, ಈಗ್ಲೂ ಬಾರಿಸ್ತೆ. ಸ್ವರ ನನ್ನ ಹತ್ರ ಇಲ್ಲ. ನಡಿ, ಹಟ್ಟಿಕೇರಿಗೆ ಹೋಗ್ವಾ."

ಹಟ್ಟಿಕೇರಿಯ ಗೆಳೆಯ ಅಂಗಳದಲ್ಲಿ ಮುರುಗಲ ಸಿಪ್ಪೆಯನ್ನು ಬಿಸಿಲಿಗೆ ಹರವುತ್ತಿದ್ದ. ಗಂಟಲಿನ ಕಾಯಿಲೆಯ ನಂತರ ಅವನ ಧ್ವನಿ ಪಿಸುಮಾತಿನಷ್ಟೇ ಉಳಿದಿದೆ. ಮೂರನೆಯ ನುಡಿಯ ಸಾಹಿತ್ಯವನ್ನು ಒಂದಕ್ಷರ ಬಿಡದೆ ಹೇಳಿದ. ಸ್ವರ ಕೇಳಿದಾಗ ತಲೆಯಾಡಿಸಿದ.

"ನೀ ಬಿಟ್ಟು ಹೋದ್ಮೇಲೆ ಮೂರನೇ ನುಡಿ ಹಾಡೇ ಇಲ್ಲ ನಾವು. ಗಾಳಿ ಹಾಕೂಕೆ ಎಷ್ಟೋ ಜನ ಕೂತ್ರು. ಒಬ್ಬ ಹೆಚ್ಚು ಹಾಕ್ದಾ, ಮತ್ತೊಬ್ಬಂದು ನಡುವೇ ನಿಂತೋಯ್ತು. ಮಾಸ್ತರ್ರು ಅವ್ನ ಹಾಂಗೆ ಗಾಳಿ ಹಾಕೂಕೆ ಯಾರಿಗೂ ಬರೂದಿಲ್ಲ, ಎರಡೇ ನುಡಿ ಸಾಕು ಅಂದ್ರು. ಈಗ ಹಾಡೂಕೆ ಹೋದ್ರೆ ಎರಡನೇದ್ರದ್ದೇ ಸ್ವರ ಬತ್ತದೆ."

"ಅದನ್ನ ನನ್ನ ಹತ್ರ ಒಂದು ಮಾತು ಹೇಳೂಕೆ ಆಗ್ಲಿಲ್ವಾ ಅವ್ರಿಗೆ?" ಎಂದೆ. ಸಿಟ್ಟು ಬಂದಿತ್ತು, ಬಚ್ಚಿಡಲಿಲ್ಲ.

"ಹೇಳೂಕೇ ಬಂದಿದ್ರಲ್ಲಾ ನಿನ್ನ ಮನೀಗೆ. ಅವ್ನಿಗೆ ಸ್ವರಾನೂ ಕಲಿಸಿ ಬತ್ತೆ ಅಂದು ಹೋದವ್ರು ಸಂಜೀಗೆ ತಿರುಗಿ ಬಂದ್ರು. ಮನೇಲಿ ಇರ್ಲಿಲ್ಲ ಅಂದ್ರು."

ತಬಲಾದ ಗೆಳೆಯ ನನ್ನ ಮುಖ ನೋಡಿ ಅಂಗಳದ ಕಡೆಗೆ ತಿರುಗಿದ.

ಬಂದದ್ದಕ್ಕೆ ಇದ್ದಷ್ಟನ್ನಾದರೂ ಮುದ್ರಿಸೋಣ ಎಂದು ಆಮೇಲೆ ಅವನೇ ಹೇಳಿದ. ಜಗಲಿಯ ಮೇಲೆ ಪೇಟಿ ಇಟ್ಟು, ಫೋನನ್ನು ಮಣೆಯ ಮೇಲಿರಿಸಿದೆ. ನುಡಿಸಲು ಯಾರೂ ಇರಲಿಲ್ಲ, ಆದರೂ ನಾನು ಹಿಂಬದಿಗೇ ಹೋಗಿ ಕುಳಿತೆ. ತಬಲಾದ ಗೆಳೆಯನ ಬೆರಳುಗಳು ಹಲಗೆಯ ಮೇಲೆ ತಾಳ ಹಿಡಿದವು. ಹಾಡುಗಾರ ಪಿಸುಧ್ವನಿಯಲ್ಲಿ ನುಡಿಯನ್ನು ಹೇಳುತ್ತ ಹೋದ. ನನ್ನ ತೋಳಿಗೆ ಎಲ್ಲವೂ ನೆನಪಿತ್ತು, ಮೊದಲ ಸಾಲಿನ ದೀರ್ಘ ಒತ್ತು, ಎರಡನೆಯದರ ನಡುವಿನ ತಡೆ, ಆಮೇಲೆ ಎರಡು ಚಿಕ್ಕವು, ಕೊನೆಗೆ ತಿದಿಯನ್ನು ತಾನಾಗಿ ಇಳಿಯಬಿಡುವುದು. ಆ ತಡೆಯಲ್ಲಿ ಅವರ ಬೆರಳು ಎಲ್ಲಿರುತ್ತಿತ್ತು... ಮೇಲಿನ ಷಡ್ಜದಲ್ಲೋ, ಅದಕ್ಕೂ ಮೇಲೋ... ತಿಳಿಯಲು ಈಗ ದಾರಿಯಿಲ್ಲ. ತಾಳವಿತ್ತು, ಮಾತಿತ್ತು, ತಿದಿಯ ಉಸಿರಿತ್ತು. ಸ್ವರವಿರಬೇಕಾದ ಜಾಗದಲ್ಲಿ ಏನೂ ಇರಲಿಲ್ಲ.

ಇದೆಲ್ಲ ನಿನ್ನೆಯ ಮಾತು. ಸಂಜೆ ಮನೆಗೆ ಬಂದು ಹೆಂಡತಿಗೆ ಮುದ್ರಣ ಕೇಳಿಸಿದೆ. ಹಟ್ಟಿಕೇರಿಯಲ್ಲಿ ಕೇಳಿದ್ದನ್ನೂ ಹೇಳಿದೆ. ನಾಲ್ಕು ಜನರೆದುರು ಕೈ ಎತ್ತಿಟ್ಟದ್ದು ಅವರ ತಪ್ಪೇ, ಅದನ್ನು ನಾನು ಇಂದೂ ಬಿಟ್ಟುಕೊಡುವುದಿಲ್ಲ, ಆದರೆ ಮತ್ತೊಮ್ಮೆ ಬಂದಿದ್ದರೆ ಬಾಗಿಲು ತೆರೆಯುತ್ತಿದ್ದೆ ಎಂದೆ. ಅವಳು ಫೋನನ್ನು ನನ್ನ ಕೈಗೆ ಕೊಟ್ಟಳು.

"ಹೋಗ್ವಾಗ ಕೇಳಿದ್ರು ಅವ್ರು. ಇನ್ನೊಂದು ದಿವಸ ಬಂದ್ರೆ ಸಿಕ್ತಾನಾ ಅಂತ."

"ನೀನೇನು ಹೇಳಿದೆ?"

"ನಾ ಒಳಗೆ ತಿರುಗಿ ನೋಡ್ದೆ. ನೀವು ಬಾಗಿಲ ಸಂದಿಂದ ಬೇಡ ಅಂತ ಕೈ ಆಡಿಸಿದ್ರಿ. ಇಲ್ಲ, ಸಿಗೂದಿಲ್ಲ ಅಂದೆ."

ಅವರು ಕುಡಿದ ಪಾನಕ, ಕುಳಿತ ಮುಕ್ಕಾಲು ಗಂಟೆ, ಎಲ್ಲವೂ ನನಗೆ ನೆನಪಿದೆ. ಇದೊಂದು ನೆನಪಿರಲಿಲ್ಲ.