ಕಲಾಯಿ ಚಾಚಾ ಹೇಳಿದ ಊರು

ಮೊನ್ನೆ ಬೀದರಿನ ಓಣಿಯೊಂದರಲ್ಲಿ ನವಸಾಗರದ ಹೊಗೆ ಮೂಗಿಗೆ ಬಡಿಯಿತು. ಯಾರೋ ಖಾನಾವಳಿಯ ದೊಡ್ಡ ಪಾತೇಲಿಗೆ ಕಲಾಯಿ ಹಾಕುತ್ತಿದ್ದರು. ಜೊತೆಗಿದ್ದ ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನಾನು ಅಲ್ಲೇ ನಿಂತುಬಿಟ್ಟೆ...

ನಿಜಾಮರ ಕಾಲದ ಮಾತು. ನನಗಿನ್ನೂ ಮದುವೆಯಾಗಿರಲಿಲ್ಲ. ವರ್ಷಕ್ಕೆರಡು ಸಲ ಬೀದರಿನ ನಮ್ಮ ತವರಿನ ಓಣಿಯ ಬೇವಿನ ಮರದ ಕೆಳಗೆ ಕಲಾಯಿ ಚಾಚಾ ಬಂದು ಕೂರುತ್ತಿದ್ದರು. ಕುಣಿ ತೋಡಿ, ತಿದಿ ಒತ್ತಿ ಕೆಂಡ ಮಾಡಿ, ತಾಮ್ರದ ಪಾತ್ರೆಗಳ ಒಳಮೈಗೆ ಕಲಾಯಿ ಸವರಿ ಬೆಳ್ಳಗೆ ಮಾಡುತ್ತಿದ್ದರು. ಕೈ ಒಂದೇ ಕಡೆ ಕೂತರೂ ಬಾಯಿ ಊರೂರು ತಿರುಗುತ್ತಿತ್ತು.

“ಭಾಲ್ಕಿಯಾಗ ಕ್ವಾಟಿ ನೋಡ್ರಿ. ಖಟಕ ಚಿಂಚೋಳಿಯಾಗ ಊಟ ಮಾಡ್ರಿ, ರೊಟ್ಟಿ ಬಡಿಯೋದು ಅವರಿಗೇ ಗೊತ್ತು. ಸಂತಪುರದಾಗ ಗಿಡದ ನೆರಳಿಗಿ ಒಂದು ನಿದ್ದಿ ಮಾಡ್ರಿ. ಔರಾದದಾಗ ಮಾತ್ರ ಎರಡು ದಿನ ಇರ್ರಿ. ಒಂದು ದಿನದಾಗ ಆ ಊರು ತಿಳ್ಯಂಗಿಲ್ಲ.”

ಓಣಿ ದಾಟದ ಹೆಂಗಸರು ನಾವು. ಅವರ ಮಾತಿನಲ್ಲೇ ಅಷ್ಟೂ ಊರು ನೋಡಿದ್ದೆವು. ನನ್ನ ಮನಸ್ಸು ಹಿಡಿದದ್ದು ಭಾಲ್ಕಿ. ಅಲ್ಲಿನ ಕೋಟೆ, ಪೇಟೆ, ಬಳೆ ಅಂಗಡಿಗಳ ಸಾಲು ಕನಸಿನಲ್ಲೂ ಬರುತ್ತಿದ್ದವು.

ಹೀಗಿರುವಾಗ ನನಗೆ ಎರಡು ಸಂಬಂಧ ಬಂದವು. ಒಂದು ಭಾಲ್ಕಿಯ ಸಿರಿವಂತರ ಮನೆ, ಇನ್ನೊಂದು ಔರಾದಿನ ಸಾಧಾರಣ ಒಕ್ಕಲು ಮನೆ. ಎರಡೂ ಮನೆಗಳ ಪಾತ್ರೆಗೆ ಕಲಾಯಿ ಹಾಕುತ್ತಿದ್ದವರು ಚಾಚಾನೇ. ಅರಿವೆ ವ್ಯಾಪಾರದ ನಮ್ಮಪ್ಪ ಅವರ ಮುಂದೆ ಹೋಗಿ ಕೂತರು. ನಾನು ಕೊಡ ಕೊಡುವ ನೆವದಲ್ಲಿ ಅಪ್ಪನ ಹಿಂದೆಯೇ ನಿಂತೆ.

“ಚಾಚಾ, ಭಾಲ್ಕಿ ಮನಿ ಹ್ಯಾಂಗ ಅದರಿ?”

“ಊರು ಭಾಳ ಛಲೋ ಅದರಿ, ಸಾವಕಾರ್ರ.”

“ಊರಲ್ಲರಿ, ಮನಿ.”

“ನೀರು ಸಿಹಿ ಅದರಿ. ಕ್ವಾಟಿ ಅಂತೂ...”

ಒಂದು ಮನೆಯ ಹುಳುಕನ್ನು ಇನ್ನೊಂದು ಮನೆಗೆ ಒಯ್ಯಬಾರದೆಂಬುದು ಅವರ ಕಸುಬಿನ ಕಟ್ಟಳೆ. ಎಷ್ಟು ಕೇಳಿದರೂ ಚಾಚಾ ಊರನ್ನೇ ಹೊಗಳಿದರು. ಆ ಮನೆ ಎಂಥದೆಂದು ಅಪ್ಪನಿಗೆ ಅಷ್ಟರಲ್ಲೇ ತಿಳಿಯಿತು. ಔರಾದಿನ ಮನೆಯ ಮಾತೆತ್ತಿದರು. ಚಾಚಾ ತಿದಿ ಒತ್ತುವುದನ್ನು ನಿಲ್ಲಿಸಿದರು.

“ಆ ಮನ್ಯಾಗ ಅತ್ತಿಯವರು ಕಲಾಯಿಗಿ ಹಿರಿ ಸೊಸಿ ತಂಬಗಿ ಮೊದಲ ಕೊಡ್ತಾರರಿ. ತಮ್ಮ ಕೊಡ ಆಮ್ಯಾಲ.”

ಅಲ್ಲಿಗೆ ನನ್ನ ಹಣೆಬರಹ ಗಟ್ಟಿಯಾಯಿತು. ನನಗೆ ತಿಳಿದದ್ದು ಭಾಲ್ಕಿ ಕೈತಪ್ಪಿತು ಎಂದಷ್ಟೇ. ಮೂರು ದಿನ ಅಳುತ್ತಲೇ ಇದ್ದೆ, ಚಾಚಾನ ತಿದಿ ಹರಿದುಹೋಗಲಿ ಎಂದು ಶಾಪವನ್ನೂ ಹಾಕಿದೆ.

ಮದುವೆಯಾದ ಮೊದಲ ಬೇಸಿಗೆಯಲ್ಲಿ ಚಾಚಾ ಔರಾದಿಗೆ ಬಂದರು. ನಾನು ಸಿಟ್ಟಿನಿಂದ ಒಳಗೇ ಕೂತೆ. ಅತ್ತೆ ನನ್ನ ತಂಬಿಗೆಯನ್ನು ಒಯ್ದು ಅವರ ಮುಂದಿಟ್ಟರು.

“ಇದು ಮೊದಲ ಮಾಡ್ರಿ ಚಾಚಾ. ನಮ್ಮ ಹುಡುಗಿ ನೀರು ಕುಡಿಯೋದರಿ.”

ಎದ್ದು ಬಂದು ಬಾಗಿಲ ಸಂದಿಯಲ್ಲಿ ನಿಂತು ನೋಡಿದೆ. ಹೊರಗೆ ಹೋಗಿ ಒಂದು ಮಾತಾಡಬಹುದಿತ್ತು. ಹಟಮಾರಿ, ಹೋಗಲಿಲ್ಲ. ಗಂಟು ಕಟ್ಟಿಕೊಂಡು ಹೊರಟ ಚಾಚಾ ಬಾಗಿಲ ಕಡೆಗೆ ಕೂಗಿದರು: “ಬೇಟಿ, ಎರಡು ದಿನ ಇದ್ದು ನೋಡು. ಊರು ತಿಳೀತದ.”

ಮರುವರ್ಷ ಅವರು ಬರಲಿಲ್ಲ. ಆಮೇಲೆಯೂ ಬರಲಿಲ್ಲ... ಎಲ್ಲಿದ್ದಾರೋ ಹೋಗಿ ನೋಡೋಣ, ನೀವು ಹೇಳಿದ್ದು ಖರೆ ಆಯಿತು ಎಂದು ಹೇಳಿ ಬರೋಣವೆಂದು ಗಂಡನನ್ನು ಕಾಡಿದೆ. ಯಾವ ಊರಿಗೆಂದು ಅವರು ಕೇಳಿದರು. ಔರಾದಿನವರು ಚಾಚಾ ಭಾಲ್ಕಿಯವರೆಂದರು. ಭಾಲ್ಕಿಯವರು ಬೀದರಿನವರೆಂದರು. ಬೀದರಿನಲ್ಲಿ ನಮ್ಮವ್ವ, “ಸಂತಪುರ ಇರಬೇಕು ನೋಡು” ಎಂದಳು.

ಔರಾದಿನಲ್ಲಿ ಎರಡು ದಿನವಲ್ಲ, ಒಂದು ಆಯುಷ್ಯವನ್ನೇ ಕಳೆದೆ. ಅತ್ತೆಯೂ ಈಗಿಲ್ಲ. ಮೊನ್ನೆ ಆ ಹೊಗೆಯಲ್ಲಿ ಮೊಮ್ಮಗಳು ನನ್ನ ಕೈ ಎಳೆಯುತ್ತ, “ಆಯಿ, ನಮ್ಮ ಕಡಿ ನೋಡುವಂಥ ಊರು ಯಾವ ಅವ?” ಎಂದಳು. ಕೋಟೆ, ರೊಟ್ಟಿ, ನಿದ್ದೆ, ಎಲ್ಲವನ್ನೂ ಚಾಚಾ ಹೇಳಿದಂತೆಯೇ ಹೇಳಿದೆ. ಚಾಚಾನ ಸ್ವಂತ ಊರನ್ನು ಮಾತ್ರ ಹೇಳಲಾಗಲಿಲ್ಲ. ಅಷ್ಟು ವರ್ಷ ಅವರ ಮುಂದೆ ಕೂತವರು ನಾವು, ನಿಮ್ಮ ಊರು ಯಾವುದೆಂದು ಒಬ್ಬರೂ ಕೇಳಿರಲಿಲ್ಲ.