ಹುಲುಗಪ್ಪ ತೋಡಿದ ಎರಡು ಮೊಳ

ಗುಡೇಕೋಟೆಯ ಹುಲುಗಪ್ಪ ಬಾವಿ ತೋಡುವವನು. ಅಂಥವನು ಅಂಡಮಾನಿಗೆ ಹೋಗಿದ್ದನೆಂದರೆ ನಂಬದವರು ಊರಲ್ಲಿ ಈಗಲೂ ಇದ್ದಾರೆ. ನಂಬದಿದ್ದರೆ ಬಿಡಲಿ, ಯಾರಿಗೇನು ನಷ್ಟ!

೧೯೯೮ರಲ್ಲಿ ಕೊಟ್ಟೂರಿನ ಅಮರೇಶ್ ಅಂಡಮಾನಿನ ಪುಟ್ಟ ದ್ವೀಪವೊಂದರಲ್ಲಿ ಗುಡಾರ ಹಾಕಿಸಿ, ಬಾವಿ ತೋಡಿ ನೀರು ಸೇದಲು ಹುಲುಗಪ್ಪನನ್ನು ಕರೆದೊಯ್ದ. ನರಪಿಳ್ಳೆ ಸುಳಿಯದ ಜಾಗವನ್ನೇ ಹುಡುಕಿ ಬರುವ ಸಾಹಸಿಗಳು ವಾರಗಟ್ಟಲೆ ತಂಗುತ್ತಿದ್ದರು. ದೋಣಿ ವಾರಕ್ಕೊಂದೇ. ಕುಡಿಯಲು ಹುಲುಗಪ್ಪ ತೋಡಿದ ಎದೆಮಟ್ಟದ ಬಾವಿಯ ನೀರೇ ಗತಿ. ಮೊದಲು ಅವನು ಊರಿನ ಅಭ್ಯಾಸದಂತೆ ಒಂದು ಗುಂಡಿಯನ್ನು ಆಳಕ್ಕಿಳಿಸಿ ಕೆಟ್ಟಿದ್ದ. ಅಲ್ಲಿ ಮಳೆಯ ಸಿಹಿನೀರು ಮೇಲೆ ತೇಲುತ್ತದೆ, ಕೆಳಗೆ ಬರೀ ಸಮುದ್ರದ ಉಪ್ಪುನೀರು. ನಾಚಿಕೆಯಾಗಿ ಅದನ್ನು ಅಮರೇಶನಿಗೂ ತಿಳಿಯದಂತೆ ಮುಚ್ಚಿಬಿಟ್ಟಿದ್ದ.

ಎರಡನೇ ವರ್ಷ ತಂಗಿ ನಾಗರತ್ನಳ ಕಾಗದ ಬಂತು. ಅಡುಗೆಯ ಪಾಲಣ್ಣ ಓದಿ ಹೇಳಿದ: "ಅವ್ವ ಹಾಸಿಗಿ ಹಿಡಿದಾಳಂತ ತಂತಿ ಕೊಟ್ಟಿದ್ವಿ. ಇಪ್ಪತ್ತು ದಿನ ನಿನ್ನ ಹಾದಿ ನೋಡ್ಕೋತನ ಜೀವ ಬಿಟ್ಲು. ಯಾಕ ಬರಲಿಲ್ಲಣ್ಣ?"

ಊರ ಮಣ್ಣನ್ನೆಲ್ಲ ತೋಡಿದ ಕೈ, ಹೆತ್ತವಳಿಗೆ ಒಂದು ಹಿಡಿ ಮಣ್ಣು ಹಾಕಲಿಲ್ಲ. ದೋಣಿಯಲ್ಲಿ ಬಂದ ತಂತಿಯನ್ನು ಬಚ್ಚಿಟ್ಟವನು ಅಮರೇಶ್. ಅತಿಥಿಗಳಿರುವಾಗ ಆಳು ಹೋದರೆ ನೀರು ಸೇದುವವರಾರು?

ಕೇಳಿದ್ದಕ್ಕೆ, "ನೀ ಹೋಗಿದ್ರ ಬದುಕ್ತಿದ್ಲೇನಲೇ? ಸುಮ್ನ ಕೆಲಸ ನೋಡ್ಕ" ಎಂದ. ಅವನ ಬಾಯಿಗೆ ಮಣ್ಣು ಹಾಕ! ಹುಲುಗಪ್ಪ ಅವನನ್ನು ಹಾಳು ಮಾಡದೆ ಊರಿಗೆ ಹೋಗುವುದಿಲ್ಲವೆಂದು ಅವ್ವನ ಮೇಲೆ ಆಣೆ ಇಟ್ಟುಕೊಂಡ.

ಮುಂದಿನ ಹಂಗಾಮಿಗೆ ಅತಿಥಿಗಳು ಹೆಚ್ಚಾದರು.

"ಬಾವಿ ಇನ್ನೆರಡು ಮೊಳ ಇಳಸಲೇ. ತೋಡಿದಷ್ಟೂ ಸಿಹಿನೀರು ಬರ್ತೈತಿ. ಗುಡೇಕೋಟಿಯವನಿಗೆ ನಾ ಹೇಳಿಕೊಡಬೇಕೇನು?" ಎಂದ ಅಮರೇಶ್.

"ನೀವು ಹೇಳ್ದಂಗ ಆಗ್ಲಿ ಧಣಿ."

ಅತಿಥಿಗಳ ಮೇಲೇನು ಹಗೆ? ಅವರಿಗೆಂದು ನಾಲ್ಕು ಡ್ರಮ್ಮು ನೀರು ಮೊದಲೇ ತುಂಬಿಟ್ಟ. ಆಮೇಲೆ ಹಾರೆ ಹಿಡಿದು ಬಾವಿಗಿಳಿದ. ಅಷ್ಟು ಖುಷಿಯಿಂದ ಅವನು ಜನ್ಮದಲ್ಲಿ ಮಣ್ಣು ತೋಡಿರಲಿಲ್ಲ.

ಮೂರನೇ ದಿನ ಬೆಳಿಗ್ಗೆ ಬಾವಿಯ ನೀರಿನ ಚಹಾ ಉಪ್ಪಾಯಿತು. ಅಮರೇಶ್ ಬಾವಿಗೆ ಮರಳು ತುಂಬಿಸಿ ನೋಡಿದ, ಹೊಸ ಗುಂಡಿ ತೋಡೆಂದು ಗೋಗರೆದ. ಹುಲುಗಪ್ಪ ಹಾರೆ ಮುಟ್ಟಲಿಲ್ಲ. ಡ್ರಮ್ಮಿನ ನೀರಲ್ಲಿ ದಿನ ನೂಕಿ, ಶನಿವಾರದ ದೋಣಿಗೆ ಅತಿಥಿಗಳೆಲ್ಲ ಬೈದುಕೊಂಡು ಹೊರಟರು. ಗುಡಾರ ಕಿತ್ತಾಯಿತು.

ದೋಣಿ ಹತ್ತುವಾಗ ಅಮರೇಶ್ ಅಳುವುದೊಂದು ಬಾಕಿ. "ಕೆಳಗ ಉಪ್ಪೈತಂತ ನಿನಗ ಗೊತ್ತಿತ್ತು. ಒಂದು ಮಾತು ಹೇಳಬಾರದಾಗಿತ್ತೇನಲೇ?"

"ನಾ ಹೇಳಿದ್ರ ನಿಮ್ಮ ಬಾವಿ ಉಳೀತಿತ್ತು ಧಣಿ. ನೀವು ಹೇಳಿದ್ರ ನಮ್ಮವ್ವ ನನ್ನ ಮಾರಿ ನೋಡಿ ಸಾಯ್ತಿದ್ಲು."